ಬುಕ್ಕಾಂಬುಧಿಯ ಮಣ್ಣಿನ ಮೇಲೆ ಹೊರಿಸಿದ ತಪ್ಪು

ಅಜ್ಜಂಪುರದ ಹೊರಗೆ ಮಠವೊಂದು ನಡೆಸುತ್ತಿದ್ದ ವಿದ್ಯಾರ್ಥಿನಿಲಯದ ಹಿಂದೆ ಒಂದು ಹಳೆಯ ಉಗ್ರಾಣವಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಸುಮಾರು ಹದಿನಾಲ್ಕು ತಿಂಗಳು ನಾನು ಅಲ್ಲಿ ಕೆಲಸ ಮಾಡಿದೆ. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಇದುವರೆಗೆ ಪ್ರಯೋಗದ ವಿಷಯ ಮಾತ್ರ ಹೇಳುತ್ತ ಬಂದಿದ್ದೇನೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ನಿಲಯದ ದನದ ಕೊಟ್ಟಿಗೆಯ ಪಕ್ಕ ಗೋಬರ್ ಗ್ಯಾಸಿನ ಗುಂಡಿ ಇತ್ತು. ಅದರಿಂದ ಬರುವ ಅನಿಲದಲ್ಲಿ ಹತ್ತಕ್ಕೆ ನಾಲ್ಕು ಪಾಲು ಉರಿಯುವುದೇ ಇಲ್ಲ. ಅದು ಇಂಗಾಲದ ಡೈಆಕ್ಸೈಡ್, ಸೋಡಾ ಬಾಟಲಿಯಲ್ಲಿ ಇರುವಂಥದ್ದೇ. ಈ ಅನಿಲವನ್ನು ಎಂಟುನೂರೈವತ್ತು ಡಿಗ್ರಿ ಶಾಖದಲ್ಲಿ, ನಿಕಲ್ ಲೇಪಿಸಿದ ಸುಟ್ಟ ಮಣ್ಣಿನ ತುಂಡುಗಳ ನಡುವೆ ಹಾಯಿಸಿದರೆ ಉರಿಯದ ಪಾಲು ಉರಿಯುವ ಪಾಲಿನ ಜೊತೆ ಕೂಡಿ, ಎರಡೂ ಬದಲಾಗಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಆಗುತ್ತವೆ. ಆಮೇಲೆ ಅಷ್ಟೂ ಉರಿಯುತ್ತದೆ. ಆದರೆ ಮಣ್ಣಿನ ತುಂಡಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರಬೇಕು, ಆ ರಂಧ್ರಗಳ ಒಳಗೋಡೆಗೆ ನಿಕಲ್ ಹಿಡಿದಿರಬೇಕು. ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಪರದೇಶದಿಂದ ತರಿಸಿದ ತುಂಡುಗಳಿಂದ ಇದು ಆಗಿತ್ತು. ಹಳ್ಳಿಯ ಗ್ಯಾಸಿನಿಂದ, ಹಳ್ಳಿಯ ಮಣ್ಣಿನಿಂದ ಆಗುತ್ತದೆಯೇ ಎಂದು ನೋಡಲು ಮುಖ್ಯಸ್ಥರು ನನ್ನನ್ನು ಕಳಿಸಿದ್ದರು. ಜೊತೆಗೆ ಒಬ್ಬ ಫಿಟ್ಟರ್ ಇದ್ದರು. ರೈಲ್ವೆಯಿಂದ ನಿವೃತ್ತರಾಗಿ ಶಿವನಿಯಲ್ಲಿ ಮನೆ ಮಾಡಿಕೊಂಡಿದ್ದ ಅವರು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಕಡಿಮೆ ಮಾತಿನ ಮನುಷ್ಯ.

ಮಣ್ಣು ಹುಡುಕುವುದರಲ್ಲೇ ಎರಡು ತಿಂಗಳು ಕಳೆದವು. ತರೀಕೆರೆಯ ಹೆಂಚಿನ ಚೂರು ತಂದೆವು, ನೀರನ್ನೇ ಹೀರಲಿಲ್ಲ. ಪಂಚನಹಳ್ಳಿಯ ಇಟ್ಟಿಗೆ ತಂದು ಕೊರೆದೆವು. ಕಾಯಿಸಿ ಆರಿಸಿದರೆ ಬಿರಿಯುತ್ತಿತ್ತು. ಕೊನೆಗೆ ಉತ್ತರ ಸಿಕ್ಕಿದ್ದು ನಿಲಯದ ಅಡುಗೆಮನೆಯ ಗುಡಾಣದಲ್ಲಿ. ನಡುಮಧ್ಯಾಹ್ನದ ಬಿಸಿಲಲ್ಲೂ ಅದರ ನೀರು ಹಲ್ಲು ಜುಂ ಎನ್ನುವಷ್ಟು ತಣ್ಣಗಿರುತ್ತಿತ್ತು, ಹೊರಮೈ ಸದಾ ಒದ್ದೆ. ಅಂದರೆ ಅದಕ್ಕೆ ರಂಧ್ರಗಳಿವೆ. ಇದನ್ನು ಮಾಡಿದವರು ಯಾರು ಎಂದು ಅಡುಗೆಯವರನ್ನು ಕೇಳಿದೆ. ಬುಕ್ಕಾಂಬುಧಿಯ ಒಬ್ಬ ಕುಂಬಾರಗಿತ್ತಿ ಎಂದರು.

ಬಸ್ಸಿನಲ್ಲಿ ಹೋದೆ. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡಿದ್ದರು. ತಿಗರಿ ತಿರುಗಿಸುತ್ತಿದ್ದುದು ಮೈದುನ. ಮಣ್ಣು ಆರಿಸುವುದು, ಹದ ಮಾಡುವುದು, ತಟ್ಟುವುದು, ಆವಿಗೆಯಲ್ಲಿ ಸುಡುವುದು ಎಲ್ಲ ಆಕೆ. ಎಷ್ಟು ದೊಡ್ಡದು ಬೇಕೆಂದು ಕೇಳಿದಾಗ ನಾನು ಕಿರುಬೆರಳಿನ ತುದಿ ತೋರಿಸಿದೆ.

“ಇದ್ರಲ್ಲಿ ಏನ್ ತುಂಬಿಸ್ತೀರಾ ಸ್ವಾಮಿ?”

“ತುಂಬಿಸೋದಲ್ಲಮ್ಮ. ಗಾಳಿ ಬಿಡ್ತೀವಿ.”

ಆಕೆ ನಗಲಿಲ್ಲ. “ಗಾಳಿ ನಿಲ್ಲಬೇಕೋ, ಹಾಯಬೇಕೋ?”

“ಹಾಯಬೇಕು.”

“ಹಂಗಾದ್ರೆ ಹೊಟ್ಟು ಬೆರೆಸ್ಬೇಕು,” ಎಂದರು.

ಕೆರೆಯ ಗೋಡುಮಣ್ಣಿಗೆ ಜರಡಿ ಹಿಡಿದ ರಾಗಿ ಹೊಟ್ಟು ಬೆರೆಸಿ, ಮಿದ್ದು, ಸೈಕಲ್ ಚಕ್ರದ ಕಡ್ಡಿಗೆ ಸುತ್ತಿ, ಎಳೆದು, ಕತ್ತರಿಸಿ ಸಣ್ಣ ಉಂಗುರಗಳನ್ನು ಮಾಡಿದರು. ಸುಡುವಾಗ ಹೊಟ್ಟು ಉರಿದು ಹೋಗಿ ಆ ಜಾಗ ಖಾಲಿ ಉಳಿಯುತ್ತದೆ. ಸುಟ್ಟ ಉಂಗುರವನ್ನು ಮುರಿದು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಅಂಟಿಕೊಂಡರೆ ಸರಿ, ಜಾರಿದರೆ ಬುಟ್ಟಿಯ ಹೊರಗೆ. ಬೆಂಗಳೂರಿನಲ್ಲಿ ಇದೇ ಪರೀಕ್ಷೆಗೆ ನಮ್ಮಲ್ಲಿ ಪಾದರಸದ ಒಂದು ಯಂತ್ರವಿತ್ತು. ಅದರಲ್ಲಿ ಹಾಕಿ ನೋಡಿದಾಗ ಆಕೆ ಆರಿಸಿ ಕೊಟ್ಟ ಇಪ್ಪತ್ತು ಉಂಗುರಗಳಲ್ಲಿ ಒಂದೂ ತಪ್ಪಿರಲಿಲ್ಲ.

ಲೇಪನ ನನ್ನ ಕೆಲಸ. ಪಟಿಕದಿಂದ ತೆಗೆದ ಅಲ್ಯೂಮಿನಾ ಎಂಬ ಬಿಳಿ ಪುಡಿಯನ್ನು ಗಂಜಿಯ ಹಾಗೆ ಮಾಡಿ ಉಂಗುರಗಳನ್ನು ಅದರಲ್ಲಿ ಅದ್ದಿ ಒಣಗಿಸುವುದು, ಆಮೇಲೆ ಹಸಿರು ಬಣ್ಣದ ನಿಕಲ್ ದ್ರಾವಣದಲ್ಲಿ ಅದ್ದುವುದು, ಮತ್ತೆ ಸುಡುವುದು. ಮೊದಲ ಸಲ ದಪ್ಪನಾಗಿ ಬಳಿದೆ. ಹಪ್ಪಳದ ಹಾಗೆ ಎದ್ದು ಬಂತು. ತೆಳುವಾಗಿ ಮೂರು ಸಲ ಅದ್ದಿದ ಮೇಲೆ ನಿಂತಿತು. ಉಂಗುರಗಳನ್ನು ಕೊಳವೆಯಲ್ಲಿ ತುಂಬಿ, ಕೊಳವೆಯನ್ನು ಕರೆಂಟಿನ ಕುಲುಮೆಯೊಳಗಿಟ್ಟು ಗ್ಯಾಸು ಬಿಟ್ಟೆವು. ಎರಡೇ ತಾಸಿನಲ್ಲಿ ಕೆಲಸ ನಿಂತಿತು. ಗ್ಯಾಸಿನಲ್ಲಿದ್ದ ಗಂಧಕದ ಅಂಶ ನಿಕಲ್ಲನ್ನು ಕೊಂದಿತ್ತು. ಫಿಟ್ಟರ್ ಕಡೂರಿನ ಲೇತ್ ವರ್ಕ್‌ಶಾಪಿನಿಂದ ಕಬ್ಬಿಣದ ಸುರುಳಿಪುಡಿ ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ಡಬ್ಬಿಗೆ ತುಂಬಿ ಗ್ಯಾಸಿನ ದಾರಿಯಲ್ಲಿ ಇಟ್ಟರು. ಗಂಧಕ ಅಲ್ಲೇ ಸಿಕ್ಕಿಬಿತ್ತು. ಆಮೇಲೆ ಉಂಗುರಗಳ ಮೇಲೆ ಮಸಿ ಕೂರತೊಡಗಿತು. ಡೈಆಕ್ಸೈಡ್ ಕಡಿಮೆಯಾದರೆ ಹಾಗಾಗುತ್ತದೆ. ಕಡೂರಿನ ಸೋಡಾ ಅಂಗಡಿಯವರಿಂದ ಒಂದು ಸಿಲಿಂಡರ್ ತಂದು ಸ್ವಲ್ಪ ಸೇರಿಸಿದೆವು. ಮಸಿ ನಿಂತಿತು.

ಜನವರಿಯ ಒಂದು ಮಧ್ಯಾಹ್ನ, ಕಿಟಕಿಯಾಚೆ ಹಾಕಿದ್ದ ಕೊಳವೆಯ ತುದಿಯಲ್ಲಿ ಜ್ವಾಲೆಯ ಬಣ್ಣ ಬದಲಾಯಿತು. ಗಾಜಿನ ಉಪಕರಣದಲ್ಲಿ ಅನಿಲ ಅಳೆದು ನೋಡಿದೆ. ಒಳಗೆ ಹೋದ ಡೈಆಕ್ಸೈಡಿನಲ್ಲಿ ಮುಕ್ಕಾಲು ಪಾಲು ಹೊರಗೆ ಬಂದಿರಲಿಲ್ಲ. ಅದು ಉರಿಯುತ್ತಿತ್ತು. ನಾನು ಮುಖ್ಯಸ್ಥರಿಗೆ ತಂತಿ ಕಳಿಸಿದೆ. ಮಾರ್ಚಿನಲ್ಲಿ ಪರಿಶೀಲನಾ ಸಮಿತಿಯ ಇಬ್ಬರನ್ನು ಕರೆತರುವುದಾಗಿ ಅವರು ಬರೆದರು.

ಸಮಿತಿ ಬರುವ ಎರಡು ವಾರ ಮೊದಲು ನಾನು ಕುಲುಮೆಯನ್ನು ಸ್ಥಳಾಂತರಿಸಿದೆ. ಅದು ಉಗ್ರಾಣದ ಕತ್ತಲ ಮೂಲೆಯಲ್ಲಿತ್ತು. ಬಂದವರಿಗೆ ಚೆನ್ನಾಗಿ ಕಾಣಲಿ ಎಂದು ಬಾಗಿಲ ಎದುರಿಗೆ ತರಿಸಿದೆ. ಫಿಟ್ಟರ್ ತಮ್ಮ ಅಣ್ಣನ ಮಗಳ ಮದುವೆಗೆಂದು ಬೀರೂರಿಗೆ ಹೋಗಿದ್ದರು, ಬರುವವರೆಗೆ ಕಾಯಲಿಲ್ಲ. ಶಾಖ ಅಳೆಯುವ ಕಡ್ಡಿಯಿಂದ ಮೀಟರಿಗೆ ಹೋಗುವ ತಂತಿಗಳನ್ನು ನಾನೇ ಬಿಚ್ಚಿ ನಾನೇ ಜೋಡಿಸಿದೆ.

ಆ ಜೋಡಣೆಯ ವಿಷಯ ಇಲ್ಲಿ ಹೇಳಲೇಬೇಕು. ಕಡ್ಡಿಯಲ್ಲಿ ಎರಡು ಬೇರೆ ಬೇರೆ ಲೋಹದ ತಂತಿಗಳಿರುತ್ತವೆ. ಅದಕ್ಕೆ ಸೇರಿಸುವ ಉದ್ದನೆಯ ತಂತಿಯಲ್ಲೂ ಹಾಗೇ ಎರಡು. ಆಯಾ ತಂತಿಗೆ ಆಯಾ ತಂತಿಯೇ ಸೇರಬೇಕು. ನಾನು ಕುಲುಮೆಯ ತುದಿಯಲ್ಲಿ ಅದಲುಬದಲು ಮಾಡಿದೆ. ಕರೆಂಟು ಹಾಕಿದಾಗ ಮೀಟರಿನ ಮುಳ್ಳು ಹಿಂದಕ್ಕೆ ಹೋಯಿತು. ಅಲ್ಲಿಗೆ ನಿಲ್ಲಿಸಿ ಯೋಚಿಸಬೇಕಿತ್ತು. ನಾನು ಮೀಟರಿನ ತುದಿಯಲ್ಲೂ ಎರಡನ್ನು ಅದಲುಬದಲು ಮಾಡಿದೆ. ಮುಳ್ಳು ಮುಂದಕ್ಕೆ ಹೋಯಿತು. ಸರಿಹೋಯಿತು ಅಂದುಕೊಂಡೆ. ಒಂದು ತಪ್ಪನ್ನು ಎರಡು ಮಾಡಿದ್ದೆ, ಅಷ್ಟೆ. ಹಾಗೆ ಜೋಡಿಸಿದರೆ, ಕುಲುಮೆಯ ಬಳಿಯ ಜೋಡಣೆ ಬಿಸಿಯಾದಷ್ಟೂ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೊಸ ಜಾಗದಲ್ಲಿ ಆ ಜೋಡಣೆ ಕುಲುಮೆಯ ಬಾಯಿಗೇ ಹತ್ತಿರವಿತ್ತು, ಕೈ ಇಡಲಾಗದಷ್ಟು ಕಾಯುತ್ತಿತ್ತು. ಮೀಟರಿನಲ್ಲಿ ಎಂಟುನೂರೈವತ್ತು ಇದ್ದಾಗ ಒಳಗೆ ಒಂಬೈನೂರೈವತ್ತರ ಆಸುಪಾಸು ಇರುತ್ತಿತ್ತು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ.

ಮರುದಿನದಿಂದ ಪ್ರಯೋಗ ಕೆಟ್ಟಿತು. ಮೂರು ಸಲ ಹೊಸ ಉಂಗುರ ತುಂಬಿದೆ, ಮೂರು ಸಲವೂ ಅರ್ಧ ದಿನದಲ್ಲಿ ಕೆಲಸ ಸತ್ತಿತು. ಕೊಳವೆ ಬಗ್ಗಿಸಿದರೆ ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ಬಂದವು. ಅದೇ ಹೊತ್ತಿಗೆ ಕುಂಬಾರಗಿತ್ತಿ ಹೊಸ ಬುಟ್ಟಿ ತಂದುಕೊಡಲು ಬಂದಿದ್ದರು. ಗೊಂಚಲನ್ನು ಎತ್ತಿ, ಉಗುರಿನಿಂದ ತಟ್ಟಿ ಕಿವಿಯ ಬಳಿ ಹಿಡಿದರು. ಬೆರಳಿಂದ ಒಂದು ಹನಿ ನೀರು ಬಿಟ್ಟರು. ಹನಿ ಇಂಗದೆ ಮೇಲೇ ನಿಂತಿತು.

“ಜಾಸ್ತಿ ಬೆಂದೈತೆ ಸ್ವಾಮಿ. ನಿಮ್ಮ ಒಲೆ ಜಾಸ್ತಿ ಕಾಯ್ತೈತೆ.”

“ಮೀಟರ್ ನೋಡಮ್ಮ. ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ.”

“ಮೀಟ್ರು ಏನಾದ್ರೂ ತೋರಿಸ್ಲಿ. ಬೆಂದಿರೋದು ಬೆಂದೈತಲ್ಲ.”

ನನಗೆ ಸಿಟ್ಟು ಬಂತು. ನಾಲಿಗೆಯಿಂದ ಮಣ್ಣು ಪರೀಕ್ಷಿಸುವವರಿಂದ ಶಾಖದ ಪಾಠ ಹೇಳಿಸಿಕೊಳ್ಳಬೇಕೇ ಎಂಬ ಸಿಟ್ಟು. ಬುಟ್ಟಿ ಇಟ್ಟು ಹೋಗಿ ಎಂದೆ.

ಸಮಿತಿ ಬಂತು. ಸ್ಥಳೀಯ ಕುಶಲಕರ್ಮಿಯನ್ನೂ ತೋರಿಸೋಣ ಎಂದು ಮುಖ್ಯಸ್ಥರು ಬರೆದಿದ್ದರಿಂದ ಆಕೆಯನ್ನೂ ಕರೆಸಲಾಗಿತ್ತು. ಮಡಿಸಿಟ್ಟ ಗೆರೆ ಇನ್ನೂ ಹೋಗದ ಸೀರೆಯುಟ್ಟು ಬಾಗಿಲ ಪಕ್ಕ ನಿಂತಿದ್ದರು. ನಿಲಯದ ವ್ಯವಸ್ಥಾಪಕರೂ ಇದ್ದರು. ಸಮಿತಿಯ ಹಿರಿಯರು ಗಾಜಿನ ಉಪಕರಣದಲ್ಲಿ ತಾವೇ ಅಳೆದು ನೋಡಿದರು. ಡೈಆಕ್ಸೈಡ್ ಹೋದಷ್ಟೂ ಹೊರಗೆ ಬರುತ್ತಿತ್ತು. ಕಾರಣ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಖ್ಯಸ್ಥರು ನನ್ನ ಕಡೆ ತಿರುಗಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ನಾನು ಇಂಗ್ಲಿಷಿನಲ್ಲಿ, ಮಣ್ಣು ಬದಲಾಗಿದೆ, ಮೊದಲು ತರುತ್ತಿದ್ದ ಕಡೆಯಿಂದ ಈಗ ತರುತ್ತಿಲ್ಲ, ಬೇರೆ ಮಣ್ಣು ಬೆರೆತಿದೆ ಎಂದೆ. ಹಾಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಆಕೆಗೆ ಇಂಗ್ಲಿಷು ಬಾರದು ಎಂಬ ಧೈರ್ಯ ಒಂದಿತ್ತು. ಆದರೆ ವ್ಯವಸ್ಥಾಪಕರಿಗೆ ಬರುತ್ತಿತ್ತು.

“ಏನಮ್ಮಾ, ಮಣ್ಣು ಬೆರಕೆ ಮಾಡಿದ್ಯಂತಲ್ಲ?” ಎಂದರು ಅವರು, ಎಲ್ಲರಿಗೂ ಕೇಳುವಂತೆ.

“ಇಲ್ಲ ಬುದ್ಧಿ. ಒಂದೇ ಗುಂಡಿ, ಒಂದೇ ಮಣ್ಣು.”

ಆಕೆ ವ್ಯವಸ್ಥಾಪಕರನ್ನು ನೋಡಿ ಉತ್ತರ ಹೇಳಿ, ಆಮೇಲೆ ನನ್ನ ಕಡೆ ನೋಡಿದರು. ನಾನು ಗಾಜಿನ ಸೀಸೆಗಳನ್ನು ಒರೆಸತೊಡಗಿದೆ. ಒರೆಸುವ ಅಗತ್ಯವಿರಲಿಲ್ಲ.

ನಿಲಯದವರು ಆ ವಾರದಿಂದ ಆಕೆಯ ಗುಡಾಣ ತರಿಸುವುದನ್ನು ನಿಲ್ಲಿಸಿದರು. ಅಜ್ಜಂಪುರದ ಸಂತೆಯಲ್ಲೂ ಮಾತು ಹರಡಿತು. ಮಠದವರೇ ಬೇಡ ಅಂದಿದ್ದಾರೆ ಎಂದರೆ ಸಾಕಲ್ಲ, ಮದುವೆ ಮನೆಗಳಿಗೆ ತಲೆತಲಾಂತರದಿಂದ ಅವರ ಮನೆಯ ಮಡಕೆಯೇ ಹೋಗುತ್ತಿತ್ತು, ಆ ಬೇಸಿಗೆ ಎರಡು ಮನೆಯವರು ತರೀಕೆರೆಯಿಂದ ತಂದರಂತೆ. ಇದನ್ನೆಲ್ಲ ಫಿಟ್ಟರ್ ನನಗೆ ಹೇಳಿದರು. ನಾನು ಕೇಳಿಸಿಕೊಂಡೆ.

ಏಪ್ರಿಲಿನಲ್ಲಿ ಒಂದು ದಿನ ಫಿಟ್ಟರ್ ಬಂದಿರಲಿಲ್ಲ. ಒಬ್ಬನೇ ಕುಳಿತಿದ್ದಾಗ ಆ ನೀರಿನ ಹನಿ ನೆನಪಾಯಿತು. ಅಡುಗೆ ಉಪ್ಪು ಎಂಟುನೂರೊಂದು ಡಿಗ್ರಿಯಲ್ಲಿ ಕರಗುತ್ತದೆ. ಕಾಲೇಜಿನ ಮೊದಲ ವರ್ಷದಲ್ಲೇ ಕಲಿತದ್ದು. ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದು ಪಿಂಗಾಣಿ ಬಟ್ಟಲಲ್ಲಿ ಹಾಕಿ ಕುಲುಮೆಯೊಳಗಿಟ್ಟು ಇಣುಕುಗಂಡಿಯಿಂದ ನೋಡುತ್ತ ಕುಳಿತೆ. ಮೀಟರ್ ಏಳುನೂರಹತ್ತು ತೋರಿಸುತ್ತಿದ್ದಾಗ ಉಪ್ಪು ನೀರಾಯಿತು. ಕುಲುಮೆ ಆರಿಸಿದೆ. ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದೂ ಸಮಿತಿ ಬರುವ ಮೊದಲೇ ಹೇಳಿದ್ದರು.

ಮರುದಿನ ಫಿಟ್ಟರ್ ತಂತಿಗಳನ್ನು ಬಿಚ್ಚಿ, ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿದರು. ಎರಡರಲ್ಲಿ ಒಂದು ತಂತಿ ಮಾತ್ರ ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟುವುದಕ್ಕೆ ಅಂಟದ್ದನ್ನು ಕಟ್ಟಿತ್ತು.

“ಯಾರ್ ಕಟ್ಟಿದ್ದು ಸಾರ್ ಇದು?” ಎಂದರು. ಆಮೇಲೆ ತಾವು ಬೀರೂರಿಗೆ ಹೋಗಿದ್ದು ನೆನಪಾಗಿರಬೇಕು. ಉತ್ತರಕ್ಕೆ ಕಾಯದೆ ಸರಿಯಾಗಿ ಕಟ್ಟಿದರು.

ಆಕೆ ಕೊನೆಯದಾಗಿ ಇಟ್ಟು ಹೋಗಿದ್ದ ಬುಟ್ಟಿ ಮೂಲೆಯಲ್ಲೇ ಇತ್ತು. ಅದೇ ಉಂಗುರಗಳಿಗೆ ಲೇಪ ಹಾಕಿ ತುಂಬಿದೆ. ಹಗಲೆಲ್ಲ ಓಡಿಸಿ ಸಂಜೆ ಆರಿಸುತ್ತ, ಒಂಬತ್ತು ದಿನ ಒಂದೇ ಸಮನೆ ಕೆಲಸ ನಡೆಯಿತು. ಡೈಆಕ್ಸೈಡಿನಲ್ಲಿ ಹತ್ತಕ್ಕೆ ಎಂಟು ಪಾಲು ಬದಲಾಗುತ್ತಿತ್ತು. ಬೆಂಗಳೂರಿನ ಫಲಿತಾಂಶಕ್ಕಿಂತ ಕಡಿಮೆಯೇನಲ್ಲ. ಮುಖ್ಯಸ್ಥರಿಗೆ ಅಂಕಿಗಳನ್ನು ಮಾತ್ರ ಬರೆದು ಕಳಿಸಿದೆ. ಅವರ ಉತ್ತರದಲ್ಲಿ, ಮಣ್ಣು ಬದಲಿಸಿದ್ದು ಒಳ್ಳೆಯದಾಯಿತು ಎಂದಿತ್ತು. ನಾನು ಮಣ್ಣು ಬದಲಿಸಿದೆ ಎಂದು ಬರೆದಿರಲಿಲ್ಲ. ಬದಲಿಸಿಲ್ಲ ಎಂದೂ ಬರೆಯಲಿಲ್ಲ. ಹೀಗೆ ಮೇ ಕಳೆಯಿತು, ಜೂನ್ ಕಳೆಯಿತು. ದಿನಾ ಅವರ ಉಂಗುರಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದೆ. ಬುಕ್ಕಾಂಬುಧಿಯ ಬಸ್ಸು ನಿಲಯದ ಮುಂದೆಯೇ ಹಾದುಹೋಗುತ್ತಿತ್ತು.

ಜುಲೈಯಲ್ಲಿ ಉಂಗುರ ಮುಗಿಯಿತು. ದೊಡ್ಡ ಕೊಳವೆಯಲ್ಲಿ ಮಾಡಿ ನೋಡಲು ನಾಲ್ಕು ಬುಟ್ಟಿಯಾದರೂ ಬೇಕಿತ್ತು. ಯಾರನ್ನಾದರೂ ಕಳಿಸಿ ತರಿಸೋಣವೇ ಎಂದು ಫಿಟ್ಟರನ್ನು ಕೇಳಿದೆ. ಅವರು ಸ್ಪ್ಯಾನರು ಕೆಳಗಿಟ್ಟರು.

“ಸಾರ್, ತಂತಿ ವಿಷಯ ನಿಮಗೂ ಗೊತ್ತು, ನನಗೂ ಗೊತ್ತು. ಆಯಮ್ಮಂಗೆ ಗೊತ್ತಿಲ್ಲ. ಇನ್ನೊಬ್ರನ್ನ ಕಳಿಸಿ ಏನಂತ ಹೇಳಿಸ್ತೀರಾ?”

ಮರುದಿನ ಹೋದೆ. ದಾರಿಯುದ್ದಕ್ಕೂ, ವಿಷಯ ಎತ್ತದೆ ಉಂಗುರ ಮಾತ್ರ ಕೇಳಿದರೆ ಹೇಗೆ ಎಂದೇ ಯೋಚಿಸುತ್ತಿದ್ದೆ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ, ಆದರೆ ಯೋಚಿಸಿದ್ದು ಹೌದು. ಆಕೆ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದರು. ನಿಲ್ಲಿಸಲಿಲ್ಲ.

“ನನ್ ಮಣ್ಣು ಬೆರಕೆ ಅಂದ್ರಲ್ಲ ಸ್ವಾಮಿ. ಮತ್ತೆ ಯಾಕೆ ಬಂದ್ರಿ?”

ಆಗ ಹೇಳಿದೆ. ಮಣ್ಣು ಸರಿಯಾಗಿತ್ತು, ಒಲೆ ಜಾಸ್ತಿ ಕಾದಿತ್ತು, ನೀವು ಹೇಳಿದ ಹಾಗೆಯೇ ಆಗಿತ್ತು. ಏಪ್ರಿಲಿನಲ್ಲೇ ಗೊತ್ತಾಯಿತು ಎಂಬುದನ್ನೂ ಹೇಳಿದೆ. ಆಕೆಯ ಕಾಲು ನಿಂತಿತು.

“ಏಪ್ರಿಲು ಅಂದ್ರೆ ಯುಗಾದಿ ಆದ್ಮೇಲೆ. ಆವತ್ತಿಂದ ಸುಮ್ಕಿದ್ರಾ?”

“ಹೌದಮ್ಮ. ತಪ್ಪಾಯಿತು.”

“ಇಲ್ಲಿ ನನ್ ಮುಂದೆ ತಪ್ಪಾಯ್ತು ಅಂದ್ರೆ ಏನ್ ಬಂತು? ನನ್ ಮಣ್ಣು ಏನು ಅಂತ ನಂಗೆ ಗೊತ್ತಿಲ್ವಾ? ಅವತ್ತು ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ. ನಾನೂ ಬತ್ತೀನಿ.”

ಕಾಲು ತೊಳೆದುಕೊಂಡು ಬಂದರು. ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನಲ್ಲಿ ಕುಳಿತರು, ನಾನು ಹಿಂದೆ.

ನಿಲಯದ ಜಗುಲಿಯಲ್ಲಿ ವ್ಯವಸ್ಥಾಪಕರಿದ್ದರು, ಅಡುಗೆಯವರಿದ್ದರು, ಹಾಲು ಹಾಕಲು ಬಂದ ಮೂರು ನಾಲ್ಕು ಮಂದಿ ರೈತರಿದ್ದರು. ಫಿಟ್ಟರ್ ಉಗ್ರಾಣದಿಂದ ಹೊರಗೆ ಬಂದು ನಿಂತರು. ನಾನು, “ಸಮಿತಿ ಬಂದಾಗ ಮಣ್ಣು ಸರಿಯಿಲ್ಲ ಅಂತ ಒಂದು ಮಾತು ಬಂದಿತ್ತು. ಅದು ಸರಿಯಲ್ಲ. ಮೀಟರಿನ ತಂತಿ ಅದಲುಬದಲಾಗಿತ್ತು. ಹಾಗಾಗಿ ಉಂಗುರ ಕರಗಿತ್ತು,” ಎಂದೆ.

ವ್ಯವಸ್ಥಾಪಕರು ಓಹೋ ಎಂದು ತಲೆಯಾಡಿಸಿದರು. ಅಲ್ಲಿಗೆ ಮುಗಿಯುತ್ತಿತ್ತು. ಆಕೆ ನನ್ನ ಕಡೆ ತಿರುಗಿದರು.

“ತಂತಿ ತಾನೇ ಅದಲುಬದಲಾಗ್ತದಾ ಸ್ವಾಮಿ?”

ಹಾಲಿನ ಕ್ಯಾನು ಮುಚ್ಚುತ್ತಿದ್ದವರ ಕೈ ನಿಂತಿತು.

“ನಾನು ತಪ್ಪಾಗಿ ಕಟ್ಟಿದೆ,” ಎಂದೆ.

“ಮಾತು ತಾನೇ ಬಂದಿತ್ತಾ?”

“ನಾನು ಹೇಳಿದೆ. ಈಯಮ್ಮ ಮಣ್ಣು ಬೆರಕೆ ಮಾಡಿದ್ದಾರೆ ಅಂತ ನಾನೇ ಹೇಳಿದೆ. ಅದು ಸುಳ್ಳು. ಒಲೆ ಜಾಸ್ತಿ ಕಾಯ್ತಿದೆ ಅಂತ ಇವರು ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ.”

ಆಕೆ ವ್ಯವಸ್ಥಾಪಕರ ಕಡೆ ನೋಡಿ, “ಕೇಳಿಸ್ತಲ್ಲ ಬುದ್ಧಿ,” ಎಂದು ಅಷ್ಟೇ ಹೇಳಿ ಮೆಟ್ಟಿಲಿಳಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಹಿಂದೆಯೇ ಹೋಗಿ, ಉಂಗುರ ಮಾಡಿಕೊಡುತ್ತೀರಾ ಎಂದು ಕೇಳಿದೆ. ಆ ಕ್ಷಣದಲ್ಲೂ ಕೇಳಿದೆ.

“ಮಾಡಲ್ಲ,” ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. “ನಂಗೆ ಮಡಕೆ ಕೆಲಸ ಐತೆ.”

ನಿಲಯದವರು ಮತ್ತೆ ಗುಡಾಣ ತರಿಸತೊಡಗಿದರು. ಆಕೆ ಅಡುಗೆಮನೆಯ ಬಾಗಿಲಿಗೆ ತಂದು ಇಳಿಸಿ ಹೋಗುತ್ತಿದ್ದರು, ಉಗ್ರಾಣದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೇರೆ ಊರಿನ ಕುಂಬಾರರಿಂದ ಉಂಗುರ ಮಾಡಿಸಲು ಎರಡು ತಿಂಗಳು ಪ್ರಯತ್ನಿಸಿದೆ. ಹೊಟ್ಟಿನ ಹದ ಯಾರ ಕೈಗೂ ಬರಲಿಲ್ಲ. ದೊಡ್ಡ ಕೊಳವೆಯ ಪ್ರಯೋಗ ನಡೆಯಲೇ ಇಲ್ಲ. ಕೆಲಸ ಮುಚ್ಚಿ ಕುಲುಮೆಯನ್ನು ಲಾರಿಗೆ ಹೇರಿ ಬೆಂಗಳೂರಿಗೆ ಹೋದೆವು.

ಅಂತಿಮ ವರದಿಯ ಕರಡಿನಲ್ಲಿ, ಮಾರ್ಚಿನ ಸೋಲಿಗೆ ಕಾರಣ ತಂತಿಗಳನ್ನು ನಾನು ತಪ್ಪಾಗಿ ಜೋಡಿಸಿದ್ದು, ಮಣ್ಣು ಮೊದಲಿನಿಂದ ಕೊನೆಯವರೆಗೆ ಒಂದೇ, ಅದನ್ನು ಆರಿಸಿ ಹದ ಮಾಡಿದವರು ಬುಕ್ಕಾಂಬುಧಿಯ ಇಂಥವರು ಎಂದು ಬರೆದಿದ್ದೆ. ಮುಖ್ಯಸ್ಥರು ಓದಿ, ಇಷ್ಟೆಲ್ಲ ಯಾರಿಗೆ ಬೇಕು ಎಂದು ಆ ನಾಲ್ಕು ಸಾಲು ಹೊಡೆದುಹಾಕಿದರು. ಜಗುಲಿಯ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದವರು ಆ ಕೋಣೆಯಲ್ಲಿ ಇರಲಿಲ್ಲ. ನಾನು ಎದುರು ಹೇಳಲಿಲ್ಲ. ವರದಿ ಅಚ್ಚಾಯಿತು. ಆ ಜಾಗದಲ್ಲಿ ಈಗ ಎರಡು ಪದಗಳಿವೆ: ಉಪಕರಣದ ದೋಷ. ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ.